ಏಳೂವರೆ ವರ್ಷದ ಮೇಲೆ ಸಿಕ್ಕ ವಿಮಾನ

2016ರ ಜುಲೈ 22ರ ಬೆಳಿಗ್ಗೆ ಚೆನ್ನೈ ಬಳಿಯ ತಾಂಬರಂನಿಂದ ಪೋರ್ಟ್ ಬ್ಲೇರ್‌ಗೆ ಹೊರಟ ವಾಯುಪಡೆಯ ಸರಕು ಸಾಗಣೆ ವಿಮಾನ ಎಎನ್-32 ಬಂಗಾಳಕೊಲ್ಲಿಯ ಮೇಲೆ ಕಾಣೆಯಾಯಿತು. ಒಳಗಿದ್ದವರು 29 ಮಂದಿ. ಹಡಗುಗಳು, ವಿಮಾನಗಳು ವಾರಗಟ್ಟಲೆ ಹುಡುಕಿದರೂ ಒಂದು ಚೂರೂ ಸಿಗಲಿಲ್ಲ. ಸೆಪ್ಟೆಂಬರ್‌ನಲ್ಲಿ, ಅವರು ಮೃತಪಟ್ಟಿದ್ದಾರೆಂದು ಭಾವಿಸಬೇಕು ಎಂಬ ಪತ್ರ ಮನೆಗಳಿಗೆ ಹೋಯಿತು.

ನನ್ನನ್ನು ಕಾಡುವುದು ಈ ‘ಭಾವಿಸಬೇಕು’. ನಮ್ಮ ಸಾಕ್ಷ್ಯ ಕಾನೂನು ಏಳು ವರ್ಷ ಸುದ್ದಿಯೇ ಇಲ್ಲದವರನ್ನು ಸತ್ತವರೆಂದು ಎಣಿಸುತ್ತದೆ. ಇಲ್ಲಿ ಎರಡು ತಿಂಗಳೂ ತುಂಬಿರಲಿಲ್ಲ. ಅಷ್ಟು ಕಾಲ ಕಾದು ಕೂತರೆ ಪಿಂಚಣಿಯ ಕಾಗದ ಮುಂದೆ ಹೋಗದು, ನಿಜ. ದೇಹ ಸಿಗದಿದ್ದರೆ ದರ್ಭೆಯ ಆಕೃತಿ ಮಾಡಿ ದಹಿಸಿ ಎನ್ನುವ ಶಾಸ್ತ್ರವೂ ಇದೆ. ಆದರೆ ಮನಸ್ಸು ಒಪ್ಪಬೇಕಲ್ಲ! ಹೊಳೆನರಸೀಪುರದ ನಮಗೆ ಗೊತ್ತಿರುವುದು ಹೇಮಾವತಿ; ಹೊಳೆಪಾಲಾದವರು ಎರಡು-ಮೂರು ದಿನಕ್ಕೆ ತೇಲುತ್ತಾರೆ. ಸಮುದ್ರ ಹಾಗಲ್ಲ.

2024ರ ಜನವರಿ 12ರಂದು ರಕ್ಷಣಾ ಸಚಿವಾಲಯ ಸುದ್ದಿ ಕೊಟ್ಟಿತು. ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ಮಾನವರಹಿತ ಜಲಾಂತರ್ಗಾಮಿ ವಾಹನ ತೆಗೆದ ಚಿತ್ರಗಳಲ್ಲಿ, ಚೆನ್ನೈ ತೀರದಿಂದ ಸುಮಾರು 310 ಕಿ.ಮೀ. ದೂರದಲ್ಲಿ, 3,400 ಮೀಟರ್ ಆಳದಲ್ಲಿ ಅವಶೇಷಗಳು ಕಂಡಿದ್ದವು. ಮುಳ್ಳಯ್ಯನಗಿರಿಯನ್ನು ಅಲ್ಲಿಟ್ಟರೂ ತುದಿಯ ಮೇಲೆ ಒಂದೂವರೆ ಕಿಲೋಮೀಟರಿನಷ್ಟು ನೀರು ಉಳಿಯುತ್ತದೆ. ಆ ಪ್ರದೇಶದಲ್ಲಿ ಬೇರೆ ವಿಮಾನ ಕಳೆದುಹೋದ ದಾಖಲೆಯಿಲ್ಲ, ಆದ್ದರಿಂದ ಇದು ಅದೇ ಇರಬೇಕು ಎಂದಿತು ಸಚಿವಾಲಯ. ಮತ್ತೆ ‘ಇರಬೇಕು’. ಆದರೂ ಈ ಸಲ ತೋರಿಸಲು ಒಂದು ಚಿತ್ರವಿತ್ತು.

1986ರ ಮಾರ್ಚ್ 25ರಂದು ಸೋವಿಯತ್ ಒಕ್ಕೂಟದಿಂದ ತರುತ್ತಿದ್ದ ಇನ್ನೊಂದು ಎಎನ್-32, ಮಸ್ಕತ್‌ನಿಂದ ಜಾಮ್‌ನಗರಕ್ಕೆ ಬರುವಾಗ ಅರಬ್ಬಿ ಸಮುದ್ರದ ಮೇಲೆ ಮರೆಯಾಗಿತ್ತು. ಅದರಲ್ಲಿದ್ದ ಏಳು ಮಂದಿಯ ಮನೆಗಳಿಗೆ ಅಂಥ ಚಿತ್ರವೂ ಬಂದಿಲ್ಲ.