ಸಕ್ಕರೆಯ ಅಚ್ಚು, ಸಕ್ಕರೆಯ ಅಕ್ಷರ

ಕಳೆದ ಚಳಿಗಾಲದಲ್ಲಿ ದೆಹಲಿಯ ನಮ್ಮ ಕನ್ನಡ ಬಳಗದ ಹಿರಿಯರೊಬ್ಬರಿಗೆ ಎಂಬತ್ತು ತುಂಬಿತು. ಅವರು ನಿವೃತ್ತ ಕನ್ನಡ ಅಧ್ಯಾಪಕರು. ಹಾರ, ಶಾಲು, ಹಣ್ಣಿನ ಬುಟ್ಟಿಗಳ ಜೊತೆಗೆ, ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು, ಒಂದು ಕೇಕನ್ನೂ ಮಾಡಿಸುವುದೆಂದಾಯಿತು. ಅದರ ಮೇಲೆ 'ನೂರ್ಕಾಲ ಬಾಳಿ' ಎಂದು ಕನ್ನಡದಲ್ಲಿಯೇ ಬರೆಯಬೇಕೆಂದು ನಾವು ಬೇಕರಿಯಲ್ಲಿ ಹಟ ಹಿಡಿದೆವು. ಅಲ್ಲಿ ಅಲಂಕಾರದ ಕೆಲಸ ಮಾಡುವವನು ಬಿಹಾರದ ಆರಾ ಕಡೆಯ ತರುಣ. ಅವನಿಗೆ ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಟ್ಟು ಬಂದೆವು. ಸಂಜೆ ಪೆಟ್ಟಿಗೆ ತೆರೆದರೆ ಅಕ್ಷರಗಳು ಮುತ್ತು ಪೋಣಿಸಿದಂತಿದ್ದವು. ಅರ್ಕಾವೊತ್ತು ಮಾತ್ರ ಇರಲಿಲ್ಲ. ನಮ್ಮ ಲೇಖನಿ ಜಾರಿ ಬಿದ್ದ ಗೆರೆಯೆಂದು ಆತ ಅದನ್ನು ಕೈಬಿಟ್ಟಿದ್ದ. 'ನೂಕಾಲ ಬಾಳಿ' ಎಂದು ಓದಿ ನಮಗೆ ಸಿಟ್ಟೇ ಬಂದಿತು. ಸಿಟ್ಟು ಇಳಿದ ಮೇಲೆ, ಕೇಕಿನ ಮೇಲೆ ಚಿತ್ರ ಬಿಡಿಸುವ, ಅಕ್ಷರ ಬರೆಯುವ ಈ ಪದ್ಧತಿ ಎಲ್ಲಿಂದ ಬಂದಿತೆಂದು ಹುಡುಕತೊಡಗಿದೆವು.

ಈ ಕಲೆಗೆ ಬೇಕಾದುದು ಬಿಳಿಯ ಸಕ್ಕರೆ, ಮೊಟ್ಟೆಯ ಬಿಳಿ ಮತ್ತು ತಾಳ್ಮೆ. ಮೂರರಲ್ಲಿ ಮೊದಲನೆಯದೇ ದುಬಾರಿ. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಸಕ್ಕರೆ ಶಂಕುವಿನಾಕಾರದ ಗಟ್ಟಿಯಾಗಿ ಮಾರಾಟಕ್ಕೆ ಬರುತ್ತಿತ್ತು; ಅದನ್ನು ಒಡೆದು, ಕುಟ್ಟಿ, ನುಣ್ಣಗೆ ಜರಡಿ ಹಿಡಿಯಬೇಕಿತ್ತು. 1769ರಲ್ಲಿ ಎಲಿಜಬೆತ್ ರ‍್ಯಾಫಲ್ಡ್ ಎಂಬಾಕೆ ಪ್ರಕಟಿಸಿದ ಅಡುಗೆಯ ಪುಸ್ತಕದಲ್ಲಿ ಮದುವೆಯ ಕೇಕಿಗೆ ಮೊದಲು ಬಾದಾಮಿಯ ಲೇಪ, ಅದರ ಮೇಲೆ ಸಕ್ಕರೆಯ ಲೇಪ ಎಂಬ ವಿಧಾನವಿದೆ. ಇಂಗ್ಲಿಷರ ಮದುವೆಯ ಕೇಕು ಇಂದಿಗೂ ಬಹುಮಟ್ಟಿಗೆ ಅದೇ ದಾರಿಯಲ್ಲಿದೆ. ಲೇಪ ಎಷ್ಟು ಬೆಳ್ಳಗಿದ್ದರೆ ಮನೆತನ ಅಷ್ಟು ಸಿರಿವಂತ ಎಂಬುದು ಅಂದಿನ ಲೆಕ್ಕ.

ಜನವರಿ 6ರ ಹಬ್ಬಕ್ಕೆ ಲಂಡನ್ನಿನ ಮಿಠಾಯಿ ಅಂಗಡಿಗಳು ದೊಡ್ಡ ಕೇಕುಗಳನ್ನು ಕಿಟಕಿಯಲ್ಲಿ ಜೋಡಿಸುತ್ತಿದ್ದವು. ಅವುಗಳ ಮೇಲೆ ಸಕ್ಕರೆಯ ಕೋಟೆಗಳು, ರಾಜರು, ಪ್ರಾಣಿಗಳು. ಈ ಬೊಂಬೆಗಳನ್ನು ಮಾಡಲು ಗಟ್ಟಿಮರದಲ್ಲಿ ಕೊರೆದ ಅಚ್ಚುಗಳಿರುತ್ತಿದ್ದವು. ಇದನ್ನು ಓದಿದಾಗ ನಮ್ಮ ತಾಯಂದಿರ ಸಂಕ್ರಾಂತಿ ನೆನಪಾಗದಿರಲು ಸಾಧ್ಯವೇ? ಅದೇ ಜನವರಿ, ಅದೇ ಮರದ ಅಚ್ಚು. ಅವರದು ಅಂಟು ಬೆರೆಸಿದ ಸಕ್ಕರೆಯ ಕಣಕವನ್ನು ಒತ್ತಿ ತೆಗೆಯುವ ಬಗೆ. ನಮ್ಮದು ನೀರಿನಲ್ಲಿ ನೆನೆಸಿಟ್ಟ ಅಚ್ಚಿನ ಹೋಳುಗಳನ್ನು ಬಿಗಿದು ಕಟ್ಟಿ, ಹಾಲು ಹಾಕಿ ಕೊಳೆ ತೆಗೆದ ಪಾಕವನ್ನು ಹದವರಿತು ಹುಯ್ಯುವ ಬಗೆ. ಗೋಪುರ, ತುಳಸಿಕಟ್ಟೆ, ಗಿಳಿ, ಆನೆ ಇವು ನಮ್ಮ ಕೋಟೆ-ರಾಜರು. ಯಾರು ಯಾರಿಂದ ಕಲಿತರೆಂಬ ವಾದಕ್ಕೆ ನಾವು ಹೋಗುವುದಿಲ್ಲ. ಸಿಹಿಯನ್ನು ಬರಿದೆ ತಿನ್ನಲೊಲ್ಲದೆ ಅದಕ್ಕೊಂದು ರೂಪ ಕೊಟ್ಟು ನೆರೆಮನೆಗೆ ಬೀರಬೇಕೆಂಬ ಆಸೆ ಎರಡೂ ಕಡೆ ಇದ್ದಿತು, ಅಷ್ಟೆ.

ಅಲಂಕೃತ ಕೇಕಿನ ಚರಿತ್ರೆಯಲ್ಲಿ 1840ರ ಫೆಬ್ರವರಿ 10 ದೊಡ್ಡ ದಿನ. ಅಂದು ನಡೆದ ವಿಕ್ಟೋರಿಯಾ ರಾಣಿಯ ಮದುವೆಯ ಕೇಕು ಸುಮಾರು 300 ಪೌಂಡು ತೂಗುತ್ತಿತ್ತು. ಅದರ ಸುತ್ತಳತೆ ಮೂರು ಗಜ. ಮೇಲೆ ಬ್ರಿಟಾನಿಯಾ ದೇವಿ ವಧೂವರರನ್ನು ಹರಸುತ್ತಿದ್ದಳು. ವರನ ಪಾದದ ಬಳಿ ನಿಷ್ಠೆಯ ಕುರುಹಾಗಿ ನಾಯಿ. ಮದುವೆಯ ದಿನಾಂಕವನ್ನು ಬರೆಯುತ್ತಿರುವ ಪುಟ್ಟ ಮನ್ಮಥ. ಎಲ್ಲವೂ ಸಕ್ಕರೆಯಲ್ಲಿ ಮೂಡಿದ್ದು. ಗಟ್ಟಿಯಾಗುವ ಆ ಬಿಳಿಯ ಲೇಪಕ್ಕೆ 'ರಾಯಲ್ ಐಸಿಂಗ್' ಎಂಬ ಹೆಸರು ಈ ಮದುವೆಯೊಡನೆಯೇ ತಳಕು ಹಾಕಿಕೊಂಡಿದೆ.

ಆ ಬಿಳುಪಿನ ಹಿಂದೆ ಯಾರ ಬೆವರಿತ್ತು? ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ ದುಡಿದವರು ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಮತ್ತು ಅವರ ಮಕ್ಕಳು. 1791ರ ಸುಮಾರಿಗೆ ಬ್ರಿಟನ್ನಿನ ಅನೇಕ ಮನೆಗಳು ಆ ಸಕ್ಕರೆಯನ್ನೇ ಬಹಿಷ್ಕರಿಸಿದ್ದವು. ಗುಲಾಮಗಿರಿಯ ರದ್ಧತಿ ಜಾರಿಗೆ ಬಂದುದು 1834ರಲ್ಲಿ. ನಾಲ್ಕು ವರ್ಷ ಬಿಟ್ಟಿ ದುಡಿಸಿಕೊಂಡು ನಿಜವಾಗಿ ಬಿಟ್ಟುದು 1838ರಲ್ಲಿ. ರಾಣಿಯ ಕೇಕು ಅದಾದ ಎರಡೇ ವರ್ಷದ್ದು. ಗುಲಾಮರ ಜಾಗವನ್ನು ತುಂಬಿದವರಾರೆಂಬುದು ನಮಗೆ ಇನ್ನೂ ಹತ್ತಿರದ ಕಥೆ. 1834ರಲ್ಲಿ 'ಅಟ್ಲಾಸ್' ಎಂಬ ಹಡಗು ಕಲ್ಕತ್ತೆಯಿಂದ ಮಾರಿಷಸ್ಸಿಗೆ 36 ಮಂದಿ ಕರಾರು ಕೂಲಿಗಳನ್ನು ಒಯ್ದಿತು. ಮುಂದಿನ ದಶಕಗಳಲ್ಲಿ ಹಾಗೆ ಹೋದ ಲಕ್ಷಾಂತರ ಜನರಲ್ಲಿ ಭೋಜಪುರಿ ನಾಡಿನವರೇ ಬಹಳ. ನಾವು ಸಿಟ್ಟು ಮಾಡಿಕೊಂಡ ತರುಣನ ಆರಾ ಇರುವುದು ಅದೇ ನಾಡಿನಲ್ಲಿ.

ಒಮ್ಮೆ ಆ ಬಿಳುಪು ಅಳಿಸಿಯೂ ಹೋಯಿತು. ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಸಕ್ಕರೆಗೆ ಪಡಿತರ ಬಂದಿತು. 1940ರ ಆಗಸ್ಟಿನಿಂದ ಕೇಕಿಗೆ ಸಕ್ಕರೆಯ ಲೇಪ ಹಾಕಿ ಮಾರುವುದೇ ನಿಷಿದ್ಧವಾಯಿತು. ಆಗ ಬೇಕರಿಯವರು ರಟ್ಟಿನಲ್ಲಿ, ಪ್ಲಾಸ್ಟರಿನಲ್ಲಿ ಅಂತಸ್ತುಗಳುಳ್ಳ ಬಿಳಿಯ ಕವಚಗಳನ್ನು ಮಾಡಿ ಮದುವೆಗಳಿಗೆ ಬಾಡಿಗೆಗೆ ಕೊಟ್ಟರು. ಫೋಟೋ ತೆಗೆದಾದ ಮೇಲೆ ಕವಚ ಎತ್ತಿದರೆ ಒಳಗೆ ಅಂಗೈಯಗಲದ ಸಾದಾ ಕೇಕು! ನಗು ಬರುತ್ತದೆ, ಕರುಳೂ ಚುರುಕ್ಕೆನ್ನುತ್ತದೆ. ಬಾಂಬು ಬೀಳುವ ಊರಿನಲ್ಲಿಯೂ ಜನ ಹಬ್ಬದ ರೂಪವನ್ನು ಬಿಡಲಿಲ್ಲ. 1947ರ ನವೆಂಬರಿನಲ್ಲಿ ರಾಜಕುಮಾರಿ ಎಲಿಜಬೆತ್ತಳ ಒಂಬತ್ತು ಅಡಿ ಎತ್ತರದ ಕೇಕಿಗೂ ಸಾಮಗ್ರಿ ಆಸ್ಟ್ರೇಲಿಯಾದ ಗರ್ಲ್ ಗೈಡುಗಳಿಂದ ಬರಬೇಕಾಯಿತು. ಅಲ್ಲಿ ಸಕ್ಕರೆಯ ಪಡಿತರ ಮುಗಿದುದು 1953ರಲ್ಲಿ.

ಇನ್ನು ನಮ್ಮ ಕೇಕಿನ ಮಾತು. ಮೇಷ್ಟ್ರು ಕನ್ನಡಕ ಏರಿಸಿಕೊಂಡು ಒಮ್ಮೆ ಓದಿ ನಕ್ಕರು. ಚಾಕುವಿನ ತುದಿಗೆ ಅಂಚಿನ ಕೆನೆ ಹತ್ತಿಸಿಕೊಂಡು, ನಡುಗುವ ಕೈಯಿಂದಲೇ ಅರ್ಕಾವೊತ್ತನ್ನು ಎಳೆದರು. "ಐವತ್ತು ವರ್ಷ ಇದೇ ಕೆಲಸ ಮಾಡಿದ್ದೇನಲ್ಲಪ್ಪಾ" ಎಂದರು. ಆಮೇಲೆ ಒಂದು ದೊಡ್ಡ ಹೋಳು ತೆಗೆದಿರಿಸಿ, ಬರೆದವನಿಗೆ ಕೊಟ್ಟು ಬನ್ನಿ ಎಂದು ನಮ್ಮನ್ನೇ ಕಳಿಸಿದರು.

ದೂರು ಹೇಳಬೇಕೆಂದಿದ್ದ ನಾವು ಹೋಳು ಹಿಡಿದು ಹೋದೆವು. ಆ ಚಿಕ್ಕ ಗುರುತು ರಕಾರ, ಮೊದಲು ನುಡಿದು ಆಮೇಲೆ ಬರೆಯುವುದು ಎಂದು ವಿವರಿಸಿದೆವು. ತರುಣ ಮುಖವರಳಿಸಿ, "ನಮ್ಮಲ್ಲಿಯೂ ಇದೆ ಸಾಹೇಬರೇ, ನಮ್ಮದು ಅಕ್ಷರದ ತಲೆಯ ಮೇಲೆ ಕೂರುತ್ತದೆ, ನಿಮ್ಮದು ಪಕ್ಕದಲ್ಲಿ ಕೂರುತ್ತದೆ" ಎಂದ. ನಾವು ಬರೆದುಕೊಟ್ಟಿದ್ದ ಕಾಗದವನ್ನು ಅವನು ಎಸೆದಿರಲಿಲ್ಲ, ಗೋಡೆಗೆ ಅಂಟಿಸಿಕೊಂಡಿದ್ದ.