ಎತ್ತುಸಾಲು ಮತ್ತು ಹೆಣಿಗೆಯ ನಕ್ಷೆ

ಗ್ರೀಕರ ಪ್ರಾಚೀನ ಶಾಸನಗಳಲ್ಲಿ ಒಂದು ಸಾಲು ಬಲದಿಂದ ಎಡಕ್ಕೆ ಸಾಗಿ, ಮುಂದಿನ ಸಾಲು ಎಡದಿಂದ ಬಲಕ್ಕೆ ಮರಳುವ ಕ್ರಮವುಂಟು. ಕ್ರೀಟ್ ದ್ವೀಪದ ಗೋರ್ಟಿನ್‌ನಲ್ಲಿ ೧೮೮೪ರಲ್ಲಿ ಬೆಳಕಿಗೆ ಬಂದ ನ್ಯಾಯಶಾಸನವು ಇದಕ್ಕೆ ಪ್ರಸಿದ್ಧ ನಿದರ್ಶನ. ಉಳುವ ಎತ್ತು ಹೊಲದ ಅಂಚಿನಲ್ಲಿ ತಿರುಗುವ ರೀತಿಯನ್ನು ಕಂಡು ಗ್ರೀಕರು ಇದನ್ನು ‘ಬೂಸ್ಟ್ರೊಫೆಡಾನ್’ ಎಂದರು. ಕರ್ನೂಲು ಜಿಲ್ಲೆಯ ಎರ್ರಗುಡಿಯ ಅಶೋಕಶಾಸನದಲ್ಲಿಯೂ ಕೆಲವು ಸಾಲುಗಳು ಹೀಗೆ ಹಿಮ್ಮರಳಿರುವುದನ್ನು ವಾಚಕರು ಬಲ್ಲರು. ಹಿಂದಿಯ ಕೆಲವು ಲೇಖಕರು ಈ ಕ್ರಮವನ್ನು ‘ಗೋಮೂತ್ರಿಕಾ’ ಎಂದು ಕರೆಯುವರು. ಕನ್ನಡಕ್ಕೂ ಆ ಹೆಸರನ್ನೇ ತರುವುದು ಯುಕ್ತವೇ? ಇದರ ನಿರ್ಣಯಕ್ಕೆ ಶಾಸನಗಳಿಗಿಂತ ಉಣ್ಣೆಯ ಹೆಣಿಗೆಯ ನಕ್ಷೆಯೇ ಹೆಚ್ಚು ನೆರವಾಗುವುದೆಂದು ನನಗೆ ತೋರುತ್ತದೆ.

ಅಮೆರಿಕದ ಬಾರ್ಬರಾ ವಾಕರ್ ಅವರು ೧೯೬೮ರ ತಮ್ಮ ಮಾದರಿಗಳ ಸಂಗ್ರಹದಲ್ಲಿ ಹೆಣಿಗೆಯ ಕ್ರಮವನ್ನು ಸಾಲುಸಾಲಾಗಿ ಮಾತುಗಳಲ್ಲಿ ವಿವರಿಸಿದ್ದರು. ೧೯೭೨ರ ಸಂಗ್ರಹದಲ್ಲಿ ಚೌಕಗಳ ನಕ್ಷೆಯನ್ನೇ ನೆಚ್ಚಿದರು. ಒಂದು ಚೌಕಕ್ಕೆ ಒಂದು ಕುಣಿಕೆ. ನಮ್ಮ ವೀರಗಲ್ಲಿನಂತೆ ಇದನ್ನೂ ಕೆಳಗಿನಿಂದ ಮೇಲಕ್ಕೆ ಓದಬೇಕು. ಮೊದಲನೆಯ ಸಾಲು ಬಲದಿಂದ ಎಡಕ್ಕೆ. ಬಳಿಕ ಹೆಣಿಗೆಯನ್ನು ತಿರುವಿಹಿಡಿದು ಎರಡನೆಯದನ್ನು ಎಡದಿಂದ ಬಲಕ್ಕೆ. ಆದರೆ ನಕ್ಷೆಯು ತೋರಿಸುವುದು ಬಟ್ಟೆಯ ಮುಮ್ಮೈಯನ್ನು ಮಾತ್ರ. ಆದುದರಿಂದ ಹೋಗುವಾಗ ‘ನಿಟ್’ ಎಂದು ಓದಿದ ಖಾಲಿ ಚೌಕವನ್ನೇ ಮರಳುವಾಗ ‘ಪರ್ಲ್’ ಎಂದು ಓದಬೇಕಾಗುವುದು. ಗ್ರೀಕ್ ಶಿಲ್ಪಿಯು ಮರಳುಸಾಲಿನಲ್ಲಿ ಅಕ್ಷರವನ್ನೇ ಕನ್ನಡಿಯಲ್ಲಿ ಕಂಡಂತೆ ಮಗುಚುತ್ತಿದ್ದನು. ಇಲ್ಲಿ ಚಿಹ್ನೆ ಕದಲದು, ಅದರ ಅರ್ಥವೇ ಮಗುಚುವುದು. ಕಾಲುಚೀಲದಂತೆ ಸುತ್ತಲೂ ಹೆಣೆಯುವಾಗಲಾದರೋ ತಿರುವೇ ಇಲ್ಲ; ಎಲ್ಲ ಸಾಲುಗಳೂ ಬಲದಿಂದ ಎಡಕ್ಕೇ. ‘ಇಲ್ಲಿ ಕುಣಿಕೆಯಿಲ್ಲ’ ಎಂದು ಸೂಚಿಸುವ ಚೌಕವೂ ಒಂದುಂಟು. ಕುಣಿಕೆಗಳು ಕಡಮೆಯಾದರೂ ಕಾಗದದ ಚೌಕಗಳು ಕಡಮೆಯಾಗವಷ್ಟೆ! ವೈಯಾಕರಣರಿಗೆ ಪಾಣಿನಿಯ ಲೋಪವು ನೆನಪಾಗದೆ ಇರದು.

ಇನ್ನು ಗೋಮೂತ್ರಿಕೆ. ದಂಡಿಯು ಕಾವ್ಯಾದರ್ಶದಲ್ಲಿ ಹೇಳುವ ಈ ಬಂಧದಲ್ಲಿ ಪದ್ಯದ ಎರಡು ಅರ್ಧಗಳನ್ನು ಒಂದರ ಕೆಳಗೊಂದು ಬರೆದು, ಮೇಲಿನದೊಂದು ಅಕ್ಷರ, ಕೆಳಗಿನದೊಂದು ಅಕ್ಷರ ಎಂದು ಅಂಕುಡೊಂಕಾಗಿ ಓದುವರು. ಹೆಣೆಯುವವಳು ಸಾಲು ಮುಗಿಯುವ ಮುನ್ನ ಮೇಲಿನ ಸಾಲಿಗೆ ಹಾರಿದರೆ ಹೆಣಿಗೆಯೇ ಕೆಟ್ಟಿತು. ಶಾಸನವನ್ನು ಹಾಗೆ ಓದಿದರೂ ಅರ್ಥವಾಗದು. ಎರಡು ಹೆಸರುಗಳಲ್ಲಿಯೂ ಗೋವು ಇರುವುದು ನಿಜ. ಆದರೆ ಒಂದರಲ್ಲಿ ಅದು ದಾರಿಯಲ್ಲಿ ನಡೆಯುತ್ತಿದೆ, ಇನ್ನೊಂದರಲ್ಲಿ ನೇಗಿಲಿಗೆ ಕಟ್ಟಿದೆ. ಕನ್ನಡದಲ್ಲಿ ನೇಗಿಲು ಗೀರಿದುದೂ ‘ಸಾಲು’, ಲೇಖನಿ ಬರೆದುದೂ ‘ಸಾಲು’. ಈ ಸೌಲಭ್ಯವಿರುವಾಗ ಶಾಸನದ ಕ್ರಮಕ್ಕೆ ‘ಎತ್ತುಸಾಲು’ ಎಂಬ ಹೆಸರನ್ನು ಸೂಚಿಸುತ್ತೇನೆ. ಗೋಮೂತ್ರಿಕೆಯು ಚಿತ್ರಕವಿಗಳ ಪಾಲಿಗೇ ಇರಲಿ.