ಎರಡು ಎಲೆ, ಒಂದು ಹೂವು

ನಾನು ಪಾಠ ಹೇಳಿದ ಸಮಾಜ ವಿಜ್ಞಾನದ ಪುಸ್ತಕಗಳಲ್ಲಿ ಗೋವೆಯ ಕಥೆ 1961ರ ಡಿಸೆಂಬರ್ 19ಕ್ಕೆ ಮುಗಿದುಬಿಡುತ್ತದೆ. ಭಾರತದ ಸೈನ್ಯ ಒಳಗೆ ಹೋಯಿತು, 451 ವರ್ಷಗಳ ಪೋರ್ಚುಗೀಸ್ ಆಳ್ವಿಕೆ ಕೊನೆಗೊಂಡಿತು, ಅಲ್ಲಿಗೆ ಪಾಠ ಮುಕ್ತಾಯ. ಆದರೆ ಒಂದು ನಾಡಿನ ಕಥೆ ಬಿಡುಗಡೆಯ ದಿನ ಮುಗಿಯುವುದಿಲ್ಲ. ಇನ್ನು ಮುಂದೆ ನಾವು ಯಾರೊಡನೆ ಇರಬೇಕು, ಹೇಗೆ ಇರಬೇಕು ಎಂಬ ಪ್ರಶ್ನೆ ಏಳುವುದೇ ಆಮೇಲೆ. ಗೋವೆಯವರು ಈ ಪ್ರಶ್ನೆಯನ್ನು ಹಿಡಿದು ಐದು ವರ್ಷ ಜಗ್ಗಾಡಿದರು. ಕೊನೆಗೆ 1967ರ ಜನವರಿ 16ರಂದು ಮತಪೆಟ್ಟಿಗೆಯ ಮೂಲಕ ಉತ್ತರ ಹೇಳಿದರು. ಆ ಉತ್ತರದಲ್ಲಿ ಹಳಿಯಾಳ, ದಾಂಡೇಲಿ, ಜೋಯಿಡಾ ಕಡೆಯವರಾದ ನಾವೂ ಯೋಚಿಸಬೇಕಾದದ್ದು ಬಹಳಷ್ಟಿದೆ.

ನಮಗೆ ಗೋವೆ ದೂರದ ದೇಶವಲ್ಲ. ರಾಮನಗರ ದಾಟಿ ಅನಮೋಡ ಘಟ್ಟ ಇಳಿದರೆ ಮೊಲೆಂ. ರೈಲಿನಲ್ಲಾದರೆ ಕ್ಯಾಸಲ್‌ರಾಕ್ ಬಿಟ್ಟು ದೂಧಸಾಗರದ ಪಕ್ಕದಲ್ಲಿ ಇಳಿಯುತ್ತ ಹೋದರೆ ಕುಳೆಂ. ಪೋರ್ಚುಗೀಸರ ಕಾಲದಲ್ಲಿ ಈ ಎರಡು ನಿಲ್ದಾಣಗಳ ನಡುವೆ ಎರಡು ಸಾಮ್ರಾಜ್ಯಗಳ ಗಡಿಯೇ ಇತ್ತು. ಆ ಗಡಿ ದಾಟಿ ಬಂದವರ ಸಂತತಿ ಇಂದಿಗೂ ನಮ್ಮ ನಡುವೆ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿಗಳ ಪೂರ್ವಜರಲ್ಲಿ ಬಹಳ ಜನ ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರನ್ನಾಗಿ ಗೋವೆಗೆ ತಂದವರು. ಅಲ್ಲಿಂದ ತಪ್ಪಿಸಿಕೊಂಡು ಘಟ್ಟ ಹತ್ತಿ ಬಂದವರು. ಜೋಯಿಡಾದ ಕುಣಬಿಗಳ ಬಂಧುಬಳಗ ಘಟ್ಟದ ಮೇಲೂ ಇದೆ, ಕೆಳಗೂ ಇದೆ. ಹೀಗಾಗಿ ಅಲ್ಲಿ ನಡೆದದ್ದು ಪಕ್ಕದ ಮನೆಯಲ್ಲಿ ನಡೆದ ಹಾಗೆ.

ಬಿಡುಗಡೆಯಾದ ಮೇಲೆ ಗೋವೆಯನ್ನು ಕೇಂದ್ರಾಡಳಿತ ಪ್ರದೇಶ ಮಾಡಿದರು. 1963ರ ಡಿಸೆಂಬರ್ 9ರಂದು ಅಲ್ಲಿ ಮೊದಲ ವಿಧಾನಸಭಾ ಚುನಾವಣೆ ನಡೆಯಿತು. ದೇಶವನ್ನೆಲ್ಲ ಆಳುತ್ತಿದ್ದ ಕಾಂಗ್ರೆಸ್ಸಿಗೆ ಗೋವೆಯ ನೆಲದಲ್ಲಿ ಒಂದೇ ಒಂದು ಸ್ಥಾನವೂ ಸಿಗಲಿಲ್ಲ. ಗೆದ್ದವರು ಎರಡು ಹೊಸ ಪಕ್ಷಗಳವರು. ದಯಾನಂದ ಬಾಂದೋಡಕರರ ಮಹಾರಾಷ್ಟ್ರವಾದಿ ಗೋಮಾಂತಕ ಪಕ್ಷ ಒಂದು. ಹೆಸರೇ ಹೇಳುವಂತೆ ಅದರ ಮುಖ್ಯ ಗುರಿ ಗೋವೆಯನ್ನು ಮಹಾರಾಷ್ಟ್ರದಲ್ಲಿ ವಿಲೀನಗೊಳಿಸುವುದು. ಇನ್ನೊಂದು ಡಾಕ್ಟರ್ ಜ್ಯಾಕ್ ಸಿಕ್ವೇರಾ ಅವರ ಯುನೈಟೆಡ್ ಗೋವನ್ಸ್ ಪಕ್ಷ. ಗೋವೆ ಬೇರೆಯಾಗಿಯೇ ಉಳಿಯಬೇಕು ಎಂಬುದು ಅವರ ಮಾತು. ಅವರಿಗೆ 12 ಸ್ಥಾನ ಬಂದವು. ಬಾಂದೋಡಕರರು ಮುಖ್ಯಮಂತ್ರಿಯಾದರು. ಜನ ನನ್ನನ್ನು ಆರಿಸಿದ್ದಾರೆ ಎಂದರೆ ವಿಲೀನವನ್ನೂ ಒಪ್ಪಿದ್ದಾರೆ ಎಂಬುದು ಅವರ ವಾದವಾಯಿತು. 1965ರ ಜನವರಿಯಲ್ಲಿ ವಿಧಾನಸಭೆ ವಿಲೀನದ ಠರಾವನ್ನೂ ಪಾಸು ಮಾಡಿತು.

ಈ ವಿಲೀನದ ಬೇಡಿಕೆಯನ್ನು ಬರೀ ಭಾಷೆಯ ಹುಚ್ಚು ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಬಾಂದೋಡಕರರ ಬೆನ್ನಿಗೆ ನಿಂತವರು ಬಹುಪಾಲು ಗೇಣಿ ಒಕ್ಕಲುಗಳು, ಭಾಟಕಾರರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಮುಂಡಕಾರರು, ಶತಮಾನಗಳಿಂದ ಮೇಲ್ಜಾತಿಯ ಜಮೀನುದಾರರ ಕೈಕೆಳಗೆ ಇದ್ದವರು. ಪೋರ್ಚುಗೀಸರು ಹೋದರೂ ಭಾಟಕಾರ ಹೋಗಲಿಲ್ಲವಲ್ಲ! ಮಹಾರಾಷ್ಟ್ರದಲ್ಲಿ ಬಹುಜನರ ಕೈಗೆ ಅಧಿಕಾರ ಬಂದಿದೆ, ಉಳುವವನಿಗೆ ಭೂಮಿ ಎಂಬ ಕಾನೂನು ಬಂದಿದೆ. ಅದರೊಳಗೆ ಸೇರಿದರೆ ನಮಗೂ ಬಿಡುಗಡೆ ಎಂದು ಅವರು ನಂಬಿದ್ದರು. ದೊಡ್ಡದರಲ್ಲಿ ಸೇರುವ ಆಸೆಯ ಹಿಂದೆ ಎಷ್ಟೋ ಸಲ ಮನೆಯೊಳಗಿನ ದೊಡ್ಡವರಿಂದ ಪಾರಾಗುವ ಆಸೆ ಇರುತ್ತದೆ.

ವಿರೋಧಿಗಳು ಹೇಳಿದ್ದು ಇಷ್ಟೆ: ಶಾಸಕರನ್ನು ಆರಿಸುವುದು ಬೇರೆ, ಶಾಸನಸಭೆಯನ್ನೇ ಅಳಿಸಿಹಾಕುವುದು ಬೇರೆ. ಎರಡನೆಯದನ್ನು ಜನರ ಮುಂದೆ ನೇರವಾಗಿ ಇಡಬೇಕು. ಇಂದಿರಾ ಗಾಂಧಿಯವರ ಸರ್ಕಾರ ಇದಕ್ಕೆ ಒಪ್ಪಿತು. 1966ರ ಡಿಸೆಂಬರಿನಲ್ಲಿ ಸಂಸತ್ತು ಜನಮತ ಸಂಗ್ರಹದ ಕಾನೂನು ಮಾಡಿತು. ಅಧಿಕಾರದಲ್ಲಿ ಕೂತವರೇ ಮತದಾನ ನಡೆಸಿದರೆ ನ್ಯಾಯ ಹೇಗೆ ಸಿಕ್ಕೀತು ಎಂಬ ಕೂಗೆದ್ದಾಗ ಬಾಂದೋಡಕರರ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು.

ಮತಪತ್ರದ ಮೇಲೆ ಎರಡೇ ಗುರುತು. ಮಹಾರಾಷ್ಟ್ರ ಸೇರುವುದಾದರೆ ಹೂವು. ಕೇಂದ್ರಾಡಳಿತದಲ್ಲಿ ಉಳಿಯುವುದಾದರೆ ಎರಡು ಎಲೆ. ದಮನ್ ಮತ್ತು ದೀವ್‌ನವರಿಗೆ ಮಹಾರಾಷ್ಟ್ರದ ಬದಲು ಗುಜರಾತಿನ ಪ್ರಶ್ನೆ. ಸ್ವತಂತ್ರ ರಾಜ್ಯ ಬೇಕೇ ಎಂಬ ಮೂರನೆಯ ಗುರುತು ಇರಲಿಲ್ಲ. ಮೈಸೂರು ರಾಜ್ಯಕ್ಕೆ ಸೇರುವಿರಾ ಎಂದೂ ಕೇಳಲಿಲ್ಲ. ಹೊಟ್ಟೆಪಾಡಿಗೆ ಮುಂಬಯಿ ಸೇರಿದ್ದ ಸಾವಿರಾರು ಗೋವನ್ನರಿಗೆ ಮತದ ಹಕ್ಕು ಸಿಗಲಿಲ್ಲ. ಪ್ರಶ್ನೆ ಕೇಳುವವನೇ ಉತ್ತರದ ಬೇಲಿಯನ್ನೂ ಹಾಕುತ್ತಾನೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಆ ತಿಂಗಳುಗಳಲ್ಲಿ ಗೋವೆಯ ಹಳ್ಳಿಹಳ್ಳಿಯಲ್ಲಿ ನಡೆದ ವಾದ ಕೇಳುವಂಥದು. ವಿಲೀನದವರ ಪರವಾಗಿ ‘ಗೋಮಾಂತಕ’ ಪತ್ರಿಕೆ, ವಿರೋಧಿಗಳ ಪರವಾಗಿ ‘ರಾಷ್ಟ್ರಮತ’. ಎರಡೂ ಮರಾಠಿ ಪತ್ರಿಕೆಗಳೇ! ಕೊಂಕಣಿ ಉಳಿಯಬೇಕು ಎಂಬ ವಾದವನ್ನು ಮರಾಠಿಯಲ್ಲಿ ಬರೆದು ಗೆಲ್ಲಿಸಬೇಕಾಯಿತು. ಏಕೆಂದರೆ ಗೋವೆಯ ಹಿಂದೂಗಳು ಓದಲು ಕಲಿತದ್ದು ಮರಾಠಿಯನ್ನು. ಮನೋಹರರಾಯ ಸರದೇಸಾಯಿಯವರ ಕವಿತೆ, ಉಲ್ಹಾಸ ಬುಯಾಂವ ಅವರ ಹಾಡು ಓದುಬಾರದವರನ್ನು ತಲುಪಿದವು. ಕೊಂಕಣಿ ಎಂಬುದು ಭಾಷೆಯೇ ಅಲ್ಲ, ಮರಾಠಿಯ ಒಂದು ಆಡುಮಾತು ಎಂದವರಿಗೆ ಜನ ಹಾಡಿಯೇ ಉತ್ತರ ಹೇಳಿದರು. ಹಾಡಿನ ಜೊತೆ ಹೊಟ್ಟೆಯ ಮಾತೂ ಇತ್ತು. ಮಹಾರಾಷ್ಟ್ರದಲ್ಲಿ ಪಾನನಿರೋಧವಿದೆ, ಅಲ್ಲಿಗೆ ಸೇರಿದರೆ ಶೇಂದಿ ಇಳಿಸುವವನ, ಫೆನಿ ಕಾಯಿಸುವವನ ಗತಿಯೇನು? ನಮ್ಮ ಹುಡುಗರಿಗೆ ಬರುವ ನೌಕರಿ ಯಾರ ಪಾಲಾದೀತು? ಪಣಜಿಯಲ್ಲಿ ಮುಗಿಯುವ ಕೆಲಸಕ್ಕೆ ಮುಂಬಯಿ ತನಕ ಓಡಬೇಕೇ?

ಮತದಾನವಾಯಿತು. ನೂರಕ್ಕೆ 80ಕ್ಕೂ ಹೆಚ್ಚು ಮಂದಿ ಬಂದು ಮತ ಹಾಕಿದರು. ಎರಡು ಎಲೆಗೆ 1,72,191, ಹೂವಿಗೆ 1,38,170, ಅಂತರ 34,021. ಇದು ಕ್ರೈಸ್ತರ ಗೆಲುವು ಎಂದು ಕೆಲವರು ಈಗಲೂ ಹೇಳುವುದುಂಟು. ಆದರೆ ಆಗ ಗೋವೆಯಲ್ಲಿ ಕ್ರೈಸ್ತರು ನೂರಕ್ಕೆ 40ಕ್ಕಿಂತ ಕಡಿಮೆ. ಸಾವಿರಾರು ಹಿಂದೂಗಳು ಎಲೆಗೆ ಮತ ಹಾಕದೆ ಈ ಲೆಕ್ಕ ಕೂಡುವುದಿಲ್ಲ.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವುದು ಇದರ ಮುಂದಿನ ಸಂಗತಿ. ಅದೇ ವರ್ಷದ ಮಾರ್ಚಿನಲ್ಲಿ ಮತ್ತೆ ವಿಧಾನಸಭಾ ಚುನಾವಣೆ ಬಂತು. ವಿಲೀನವನ್ನು ತಿರಸ್ಕರಿಸಿದ ಅದೇ ಜನ ವಿಲೀನವಾದಿ ಬಾಂದೋಡಕರರನ್ನೇ ಮತ್ತೆ ಗೆಲ್ಲಿಸಿದರು! ಅವರು 1973ರಲ್ಲಿ ತೀರಿಕೊಳ್ಳುವ ತನಕ ಮುಖ್ಯಮಂತ್ರಿಯಾಗಿದ್ದರು. ಪರಿಚಯದ ಮುದುಕಿಯೊಬ್ಬರು ರಾಮನಗರದಲ್ಲಿದ್ದರು. ತವರು ಘಟ್ಟದ ಕೆಳಗೆ, ತಂದೆ ಗೇಣಿ ಒಕ್ಕಲು. ತಂದೆ ಎರಡೂ ಚುನಾವಣೆಯಲ್ಲಿ ‘ಭಾವು’ಗೆ ಅಂದರೆ ಬಾಂದೋಡಕರರಿಗೇ ಮತ ಹಾಕಿದ್ದರಂತೆ, ನಡುವಿನ ಮತ ಮಾತ್ರ ಎಲೆಗೆ. ಅದು ಹೇಗೆ ಅಜ್ಜಿ ಎಂದು ಕೇಳಿದರೆ, “ನೆರೆಮನೆಯವರು ಎಷ್ಟು ಒಳ್ಳೆಯವರಾದರೂ ನಡುವಿನ ಗೋಡೆ ಕೆಡವುತ್ತಾರೇನೇ ಮಗಳೇ?” ಎಂದಿದ್ದರು. ರಾಜ್ಯಶಾಸ್ತ್ರದ ಪುಸ್ತಕಗಳಲ್ಲಿ ನಾನು ಇದಕ್ಕಿಂತ ಸ್ಪಷ್ಟವಾದ ವಿವರಣೆ ಓದಿಲ್ಲ. ಒಬ್ಬ ನಾಯಕನಿಗೆ ಕೊಟ್ಟ ಮತ ಅವನ ಎಲ್ಲ ಮಾತಿಗೂ ಹಾಕಿದ ಸಹಿಯಲ್ಲ. ಪ್ರಶ್ನೆಯನ್ನು ಬಿಡಿಸಿ ಕೇಳಿದರೆ ಜನ ಬಿಡಿಸಿಯೇ ಉತ್ತರ ಕೊಡುತ್ತಾರೆ.

ಸೋತ 1,38,170 ಜನರ ಸಂಕಟವೂ ಅಂದಿಗೆ ಮುಗಿಯಲಿಲ್ಲ. ಗೇಣಿದಾರನನ್ನೇ ಒಡೆಯನೆಂದು ಗಣಿಸುವ ಕಾನೂನು ಗೋವೆಗೆ ಬಂದದ್ದು 1976ರಲ್ಲಿ. ಕೊಂಕಣಿಯೋ ಮರಾಠಿಯೋ ಎಂಬ ಜಗಳ 1980ರ ದಶಕದಲ್ಲಿ ಮತ್ತೆ ಬೀದಿಗೆ ಬಂದು ಪ್ರಾಣಹಾನಿಯೂ ಆಯಿತು. 1987ರ ಫೆಬ್ರವರಿಯಲ್ಲಿ ಕೊಂಕಣಿ ಅಧಿಕೃತ ಭಾಷೆಯಾಯಿತು. ಮೇ 30ರಂದು ಗೋವೆ ಪೂರ್ಣ ರಾಜ್ಯವಾಯಿತು. 1967ರಲ್ಲಿ ಮತಪತ್ರದ ಮೇಲೆ ಇಲ್ಲದಿದ್ದ ಗುರುತು 20 ವರ್ಷಗಳ ನಂತರ ಸಿಕ್ಕಿತು.

ಇಂಥ ಪ್ರಶ್ನೆಗಳು ಹೊರಗಿನ ಸಣ್ಣ ದೇಶಗಳಿಗೂ ಬಂದಿವೆ. ಯುರೋಪಿನ ಒಕ್ಕೂಟ ಸೇರಬೇಕೇ ಎಂದು ನಾರ್ವೆಯ ಸರ್ಕಾರ 1972ರಲ್ಲಿ ಜನರನ್ನು ಕೇಳಿತು, ಬೇಡ ಎಂದರು. 1994ರಲ್ಲಿ ಮತ್ತೆ ಕೇಳಿತು. ಮತ್ತೆ ಬೇಡ ಎಂದರು. ಅಲ್ಲಿಯೂ ಮೀನುಗಾರರ, ರೈತರ ಹೊಟ್ಟೆಯ ಮಾತೇ ಮುಖ್ಯವಾಗಿತ್ತು. ಹಾಗೆ ಕೇಳಿಸಿಕೊಳ್ಳುವ ಭಾಗ್ಯ ಎಲ್ಲರಿಗೂ ಇಲ್ಲ. ನಮ್ಮ ಮುಂಡಗೋಡದ ಟಿಬೆಟನ್ ಕಾಲೊನಿ 1966ರಲ್ಲಿ ಶುರುವಾಯಿತು. ಅಲ್ಲಿಯವರ ದೇಶವನ್ನು 1951ರಲ್ಲಿ ಚೀನಾದೊಳಗೆ ಸೇರಿಸಿದ ಕರಾರಿಗೆ ಜನರ ಮತವನ್ನು ಯಾರೂ ಪಡೆಯಲಿಲ್ಲ. ದೇಶ ಕಳೆದುಕೊಂಡ ಮೇಲೂ ಆ ಜನ ದೇಶಾಂತರದಲ್ಲಿದ್ದುಕೊಂಡು ತಮ್ಮ ಸಂಸತ್ತಿಗೆ ತಪ್ಪದೆ ಮತ ಹಾಕುತ್ತ ಬಂದಿದ್ದಾರೆ.

ಗೋವೆಯ ಈ ಕಥೆಯನ್ನು ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ಹೇಳುತ್ತಿದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ಕೇಳಿದ: “ಟೀಚರ್, ಮತ್ತ ನಮಗ ಯಾರರ ಕೇಳ್ಯಾರೇನ್ರಿ?”

ಹುಡುಗನ ಪ್ರಶ್ನೆ ಸಣ್ಣದಲ್ಲ. ನಮ್ಮ ಜಿಲ್ಲೆಯನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ತೆಗೆದು ಮುಂಬಯಿಗೆ ಸೇರಿಸಿದರು. 1956ರ ನವೆಂಬರ್ 1ಕ್ಕೆ ಮುಂಬಯಿಯಿಂದ ಮೈಸೂರಿಗೆ ಬಂದೆವು. ಹಳಿಯಾಳ, ಸೂಪಾ, ಕಾರವಾರ ತನಗೆ ಬರಬೇಕೆಂದು ಮಹಾರಾಷ್ಟ್ರ ಹಕ್ಕು ಸಾಧಿಸಿತು. ಗೋವೆಯಲ್ಲಿ ಹೂವು–ಎಲೆಗಳ ಪ್ರಚಾರಕ್ಕೆ ಸಿದ್ಧತೆ ನಡೆದಿದ್ದ ಹೊತ್ತಿನಲ್ಲೇ, 1966ರ ಅಕ್ಟೋಬರಿನಲ್ಲಿ, ನಮ್ಮ ಗಡಿಯ ವಿಚಾರಕ್ಕೆ ಮೆಹರ್‌ಚಂದ್ ಮಹಾಜನ್ ಆಯೋಗ ನೇಮಕವಾಯಿತು. ಘಟ್ಟದ ಕೆಳಗಿನವರಿಗೆ ಮತಪತ್ರ, ಘಟ್ಟದ ಮೇಲಿನವರಿಗೆ ಆಯೋಗ. 1967ರ ಆಗಸ್ಟಿನಲ್ಲಿ ಆಯೋಗ ವರದಿ ಕೊಟ್ಟಿತು. ಮಹಾರಾಷ್ಟ್ರಕ್ಕೆ ಹೋಗಬೇಕೆಂದ 264 ಹಳ್ಳಿಗಳಲ್ಲಿ ನಮ್ಮ ಜಿಲ್ಲೆಯದು ಒಂದೂ ಇರಲಿಲ್ಲ. ಮಹಾರಾಷ್ಟ್ರ ಆ ವರದಿಯನ್ನು ಒಪ್ಪಲಿಲ್ಲ. 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು.

ಹಾಗಾದರೆ ಇಲ್ಲಿಯೂ ಗೋವೆಯ ಹಾಗೆ ಮತ ಹಾಕಿಸಬೇಕಿತ್ತೇ? ಹಾಗೆನ್ನಲು ನನಗೆ ಧೈರ್ಯವಿಲ್ಲ. ಹಳಿಯಾಳದ ಒಂದೇ ಓಣಿಯಲ್ಲಿ ಕನ್ನಡ, ಮರಾಠಿ, ಕೊಂಕಣಿ, ಉರ್ದು ನಾಲ್ಕೂ ಕೇಳುತ್ತವೆ. ಕಾಗದದ ಕಾರ್ಖಾನೆ ಬಂದ ಮೇಲೆ ದಾಂಡೇಲಿಯಂತೂ ಒಂದು ಪುಟ್ಟ ಭಾರತ. ಇಂಥಲ್ಲಿ ಗಡಿಯನ್ನು ಮತಕ್ಕೆ ಹಾಕಿದರೆ ಮತಪತ್ರ ಊರನ್ನಲ್ಲ, ಮನೆಯನ್ನೇ ಎರಡು ಮಾಡುತ್ತದೆ. ಗೋವೆಯಲ್ಲಿ ಅಳಿಯುವುದೋ ಉಳಿಯುವುದೋ ಎಂಬ ಪ್ರಶ್ನೆ ಒಂದು ಇಡೀ ನಾಡಿನದಾಗಿತ್ತು. ಅದಕ್ಕೇ ಅಲ್ಲಿ ಮತದಿಂದ ಬಗೆಹರಿಯಿತು.

ಆದರೆ ಜನರನ್ನು ಕೇಳುವುದಕ್ಕೆ ಗಡಿಯ ಪ್ರಶ್ನೆಯೇ ಆಗಬೇಕೆಂದೇನೂ ಇಲ್ಲ. ಕಾಳಿ ನದಿಗೆ ಅಣೆಕಟ್ಟು ಕಟ್ಟಿದಾಗ ಸೂಪಾ ಎಂಬ ತಾಲೂಕು ಊರೇ ನೀರಿನ ಕೆಳಗೆ ಹೋಯಿತು; ನಾಡಿಗೆ ಬೆಳಕು ಬಂತು, ಅಲ್ಲಿಯವರು ರಾಮನಗರಕ್ಕೆ ಬಂದರು. 2007ರಲ್ಲಿ ಅಣಶಿ–ದಾಂಡೇಲಿ ಕಾಡು ಹುಲಿ ಸಂರಕ್ಷಿತ ಪ್ರದೇಶವಾಯಿತು. ಗೋವೆಯ ಕುಣಬಿಗಳು 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದೇ ಕುಲದ, ಅದೇ ಮಾತಿನ ಜೋಯಿಡಾದ ಕುಣಬಿಗಳು ಅದೇ ಮನವಿ ಹಿಡಿದುಕೊಂಡು ವರ್ಷಗಟ್ಟಲೆ ಕಚೇರಿಗಳಿಗೆ ಅಲೆದಿದ್ದಾರೆ. ಗಡಿಗೆರೆಯ ಬೆಲೆ ಏನೆಂದು ಅವರನ್ನು ಕೇಳಬೇಕು. ಇವೆಲ್ಲ ಒಂದು ತಾಲೂಕಿನ ಬಾಳನ್ನೇ ತಿರುಗಿಸಿದ ಸಂಗತಿಗಳು. ಇವುಗಳನ್ನು ಚುನಾವಣೆಯ ಹತ್ತು ಮಾತುಗಳ ನಡುವೆ ತೂರಿಸದೆ, ಒಂದೊಂದನ್ನೂ ಬಿಡಿಸಿ ಇಟ್ಟು, ಹೌದೋ ಅಲ್ಲವೋ ಹೇಳಿ ಎಂದು ಗ್ರಾಮಸಭೆಯಲ್ಲಿ ಕೇಳಬಹುದಲ್ಲವೇ?

ಗೋವೆಯಲ್ಲಿ ಜನವರಿ 16ನ್ನು ‘ಅಸ್ಮಿತಾಯ್ ದಿಸ್’ ಎಂದು ಆಚರಿಸುತ್ತಾರೆ. ತಮ್ಮತನದ ದಿನ ಎಂದು ಅದರ ಅರ್ಥ. ನನ್ನ ಮಟ್ಟಿಗೆ ಅದು ಓದುಬಾರದ ಒಕ್ಕಲೊಬ್ಬ ತನ್ನ ನಾಯಕನನ್ನು ಬಿಡದೆಯೂ ಅವನ ಒಂದು ಮಾತಿಗೆ ಒಲ್ಲೆ ಎಂದ ದಿನ. ಹುಡುಗರಿಗೆ ಪ್ರಜಾಪ್ರಭುತ್ವದ ಪಾಠ ಹೇಳುವಾಗ ನಾನು ಈಗ ಅಥೆನ್ಸಿನಿಂದ ಶುರು ಮಾಡುವುದಿಲ್ಲ; ಅನಮೋಡ ಘಟ್ಟ ಇಳಿದು ಮೊಲೆಂನಿಂದಲೇ ಶುರು ಮಾಡುತ್ತೇನೆ.